ಕ್ರೈಸ್ತ ನಂಬಿಕೆಗೆ ತಕ್ಕ ಹಾಗೆ ದಿನವೂ ಪರಿಸರಸ್ನೇಹಿಯಾಗಿ ಬದುಕುವುದು ಹೇಗೆ?

ಆದಿಕಾಂಡ 2:15 ಓದಿ. ದೇವರು ಮನುಷ್ಯನನ್ನು ತೋಟದಲ್ಲಿಟ್ಟದ್ದು ಕೃಷಿ ಮಾಡಲಿಕ್ಕೆ, ಕಾಯಲಿಕ್ಕೆ. ಎರಡನೆಯದನ್ನು ನಾವು ಮರೆತದ್ದೇ ಜಾಸ್ತಿ. ಕಾಸರಗೋಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾ? ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಸುರಿದ ಎಂಡೋಸಲ್ಫಾನ್ ಕೀಟನಾಶಕದ ನೋವು ಇನ್ನೂ ಆರಿಲ್ಲ.

ಸೆಪ್ಟೆಂಬರ್ 8ರ ಮೊಂತಿ ಹಬ್ಬದಿಂದ, ಅಂದರೆ ಮರಿಯ ಮಾತೆಯ ಹುಟ್ಟುಹಬ್ಬ ಮತ್ತು ಹೊಸ ತೆನೆಯ ಹಬ್ಬದಿಂದ, ಶುರು ಮಾಡಿ. ಮಕ್ಕಳು ಮಾತೆಗೆ ಅರ್ಪಿಸುವ ಹೂ ಅಂಗಳದ್ದೇ ಆಗಲಿ. ನಮ್ಮಲ್ಲಿ ಹೊಸಕ್ಕಿ ಊಟ ಬಾಳೆಲೆಯಲ್ಲೇ. ಉಂಡ ಎಲೆ ತೆಂಗಿನ ಬುಡಕ್ಕೆ ಹೋಗುತ್ತದೆ. ನೆಂಟರು ಜಾಸ್ತಿಯಾದರೆ ಅಡಿಕೆ ಹಾಳೆಯ ತಟ್ಟೆ. ಪ್ಲಾಸ್ಟಿಕ್ ಲೋಟ ಮಾತ್ರ ಪೂರ್ತಿ ಬಿಟ್ಟಿಲ್ಲ, ನಿಜ ಹೇಳಬೇಕಲ್ವಾ!

ಇನ್ನು ನೀರು. ನೀರಿಗಾಗಿ ಗುಡ್ಡಕ್ಕೆ ಅಡ್ಡವಾಗಿ ಕೊರೆದ ಸುರಂಗದಿಂದ ಬೇಸಿಗೆಯಲ್ಲಿ ನೂಲಿನಷ್ಟೇ ಇಳಿಯುತ್ತದೆ. ಹಾಗಾಗಿ ಅಕ್ಕಿ ತೊಳೆದ ನೀರನ್ನು ಸುಮ್ನೆ ಚೆಲ್ಲುವುದಿಲ್ಲ, ಬಸಳೆ ಚಪ್ಪರಕ್ಕೆ ಹಾಕುತ್ತೇವೆ.