ರೈಜನ್ 5 1600: ಪ್ರೊಸೆಸರ್ ಮಾತ್ರ ಬದಲಿಸಿದರೆ ಸಾಕೇ?

ರೈಜನ್ 5 1600 ಪ್ರೊಸೆಸರ್ ಮತ್ತು ಬಿ450 ಮದರ್‌ಬೋರ್ಡ್ ಇರುವ ನಿಮ್ಮ ಗೇಮಿಂಗ್ ಕಂಪ್ಯೂಟರಿಗೆ ಹೊಸ ಪ್ರೊಸೆಸರ್ ಹಾಕಿಸಿದರೆ ಸಾಕೋ, ಇಡೀ ಯಂತ್ರವನ್ನೇ ಬದಲಿಸಬೇಕೋ ಎಂದು ಕೇಳಿದ್ದೀರಿ. ಹಣ ಹಾಕುವ ಮೊದಲು ದಯವಿಟ್ಟು ಒಂದು ಪರೀಕ್ಷೆ ಮಾಡಿ ನೋಡಿ: ನೀವು ಹೆಚ್ಚಾಗಿ ಆಡುವ ಆಟದಲ್ಲಿ ವಿ-ಸಿಂಕ್ (ಫ್ರೇಮುಗಳ ವೇಗವನ್ನು ಪರದೆಯ ವೇಗಕ್ಕೆ ಹೊಂದಿಸುವ ಸೆಟ್ಟಿಂಗ್) ಆಫ್ ಮಾಡಿ, ರೆಸಲ್ಯೂಷನ್ನನ್ನು 1080ರಿಂದ 720ಕ್ಕೆ ಇಳಿಸಿದಾಗಲೂ ಸೆಕೆಂಡಿಗೆ ಮೂಡುವ ಫ್ರೇಮುಗಳ (ಚಿತ್ರಗಳ) ಸಂಖ್ಯೆ ಏರದಿದ್ದರೆ, ತಡೆಯಿರುವುದು ಗ್ರಾಫಿಕ್ಸ್ ಕಾರ್ಡಿನಲ್ಲಲ್ಲ, ಬಹುಮಟ್ಟಿಗೆ ಪ್ರೊಸೆಸರಿನಲ್ಲಿಯೇ. ಹಾಗಿದ್ದಲ್ಲಿ, 2017ರ ಆ ಚಿಪ್ಪಿನ ಜಾಗದಲ್ಲಿ ಅದೇ ಎಎಂ4 ಸಾಕೆಟ್ಟಿಗೆ (ಬೋರ್ಡಿನಲ್ಲಿ ಪ್ರೊಸೆಸರ್ ಕೂರುವ ಸ್ಥಾನಕ್ಕೆ) ಹೊಂದುವ ರೈಜನ್ 5 5600 ಕೂರಿಸುವುದೇ ಸೂಕ್ತವೆಂದು ನನ್ನ ಖಚಿತ ಅಭಿಪ್ರಾಯ; ಎರಡರಲ್ಲಿಯೂ ಇರುವುದು 6 ಕೋರ್‌ಗಳೇ ಆದರೂ ಹೊಸದರ ಪ್ರತಿಯೊಂದು ಕೋರ್ ಬಹಳ ವೇಗವಾಗಿದೆ, ಮೇಲಾಗಿ ಈಗಿರುವ ರ್‍ಯಾಮ್ ಮತ್ತು ಬೋರ್ಡು ಹಾಗೆಯೇ ಉಳಿಯುತ್ತವೆ. ಹಳೆಯ ಪ್ರೊಸೆಸರನ್ನು ತೆಗೆಯುವ ಮುನ್ನವೇ ಬಯಾಸ್ (ಬೋರ್ಡಿನೊಳಗಿನ ಮೂಲ ಸಾಫ್ಟ್‌ವೇರ್) ಅಪ್‌ಡೇಟ್ ಮಾಡಿಕೊಳ್ಳಿ, ಇಲ್ಲವಾದರೆ ಬೋರ್ಡು ಹೊಸದನ್ನು ಗುರುತಿಸದೆ ಕಂಪ್ಯೂಟರ್ ಚಾಲೂ ಆಗದೆ ಹೋಗಬಹುದು.