ಖುಷಿ ಆಗಿದ್ದನ್ನ ತಪ್ಪು ಮಾಡಿದೋರ ಥರ ಹೇಳಿದ ನರ್ಸ್

ಆಸ್ಪತ್ರೇಲಿ ಕೆಲಸ ಮಾಡೋರು ಕೌನ್ಸೆಲಿಂಗ್‌ಗೆ ಬಂದ್ರೆ ಸಾವು ನೋವಿನ ಬಗ್ಗೆನೇ ಹೇಳ್ಕೋತಾರೆ ಅಂತ ಎಲ್ರೂ ಅನ್ಕೋತಾರೆ, ಆದ್ರೆ ಅವರಲ್ಲಿ ಎಷ್ಟೋ ಜನ ಬಾಯಿ ಬಿಡೋಕೆ ಹೆದರೋದು ಖುಷಿ ಬಗ್ಗೆ. ಇದು ಪದೇ ಪದೇ ಎದುರಾಗ್ತಿರೋದ್ರಿಂದ ಒಂದು ಪ್ರಕರಣ ಬರೀತಿದೀನಿ. ಅವರ ಒಪ್ಪಿಗೆ ತಗೊಂಡಿದೀನಿ, ಗುರುತು ಸಿಗೋ ವಿವರ ಬದಲಾಯಿಸಿದೀನಿ.

ಅವರು ಐಸಿಯು ಸ್ಟಾಫ್ ನರ್ಸ್. ನಿದ್ದೆ ಬರಲ್ಲ, ಮನೇಲಿ ಯಾರ ಜೊತೆನೂ ಮಾತು ಬೇಡ, ಪೇಷಂಟ್‌ಗಳು ಬರೀ ಬೆಡ್ ನಂಬರ್ ಥರ ಕಾಣ್ತಾರೆ ಅಂತ ಬಂದಿದ್ರು. 1981ರಲ್ಲಿ ಮನಶ್ಶಾಸ್ತ್ರಜ್ಞರಾದ ಕ್ರಿಸ್ಟಿನಾ ಮಾಸ್ಲಾಕ್ ಮತ್ತೆ ಸೂಸನ್ ಜಾಕ್ಸನ್ ಬರ್ನ್‌ಔಟ್, ಅಂದ್ರೆ ಕೆಲಸದ ಒತ್ತಡಕ್ಕೆ ಮನಸ್ಸು ಸೋತುಹೋಗೋದನ್ನ ಅಳೆಯೋಕೆ ಮಾಡಿದ ಪ್ರಶ್ನಾವಳಿ ನೋಡೋದು ಮೂರು ವಿಷ್ಯ: ಮನಸ್ಸು ಪೂರ್ತಿ ಬಸವಳಿಯೋದು, ಎದುರಿಗಿರೋರ ಮೇಲೆ ಮರುಕ ಬತ್ತೋದು, ನನ್ ಕೈಲಿ ಏನೂ ಆಗ್ತಿಲ್ಲ ಅನ್ಸೋದು. ಇವರ ಮಾತಲ್ಲಿ ಮೂರೂ ಇತ್ತು.

ಒಂದು ಸೆಷನ್‌ನಲ್ಲಿ ಕೇಳಿದೆ, ಡ್ಯೂಟಿಲಿ ಮನಸಾರೆ ಖುಷಿ ಆಗಿದ್ದು ಯಾವಾಗ ಅಂತ. ತುಂಬಾ ಹೊತ್ತು ಸುಮ್ನಿದ್ರು.

"ಇದೆ ಮೇಡಮ್. ಆದ್ರೆ ಹೇಳಿದ್ರೆ ನನ್ನ ಕೆಟ್ಟೋಳು ಅನ್ಕೋತೀರ."

ವೆಂಟಿಲೇಟರ್ ಮೇಲಿದ್ದ ಒಬ್ರು ವಯಸ್ಸಾದೋರು. ಬೆನ್ನಲ್ಲಿ ಹುಣ್ಣಾಗ್ಬಾರ್ದು ಅಂತ ಆಗಾಗ ಮಗ್ಗಲು ಬದಲಾಯಿಸ್ಬೇಕಲ್ಲ, ಪ್ರತಿ ಸಲನೂ ಇವರು ಕಿವಿ ಹತ್ರ ಬಗ್ಗಿ "ತಾತ, ಈಗ ಎಡಕ್ಕೆ ಹೊರಳಿಸ್ತೀನಿ, ಹೆದರ್ಬೇಡಿ" ಅಂತಿದ್ರಂತೆ, ಅವರಿಗೆ ಮಂಪರಿನ ಔಷಧಿ ಕೊಟ್ಟಿದ್ರೂ. ಟ್ಯೂಬ್ ತೆಗೆದು ದನಿ ಬಂದ್ಮೇಲೆ ಇವರು ಬಿಪಿ ನೋಡೋಕೆ ಹೋಗಿ ಮಾತಾಡಿಸಿದ್ರೆ ತಾತ ದನಿ ಹಿಡಿದು ಗುರುತಿಸಿದ್ರು. "ಎಡಕ್ಕೆ ಹೊರಳಿಸ್ತೀನಿ ಅಂತಿದ್ದೋಳು ನೀನೇ ಅಲ್ವೇನಮ್ಮ?"

ಅದಾಗಿ ಸ್ವಲ್ಪ ಹೊತ್ತಿಗೇ ಪಕ್ಕದ ಬೆಡ್ಡಿನೋರು ತೀರ್ಕೊಂಡ್ರು, ಸಿಪಿಆರ್ ಮಾಡಿದ್ರೂ ಉಳೀಲಿಲ್ಲ, ಹೊರಗೆ ಮನೆಯೋರು ಅಳ್ತಿದ್ರೆ ಇವರ ತಲೇಲಿ ತಾತನ ಮಾತೇ ಓಡ್ತಿತ್ತು, ಮಾಸ್ಕ್ ಒಳಗೆ ನಗು ಬಂತಂತೆ. ಅವತ್ತಿಂದ ಅದನ್ನ ಯಾರಿಗೂ ಹೇಳಿಲ್ಲ.

ನಾನು ಕೇಳಿದ್ದು ಇಷ್ಟೇ: ನಿಮಗೆ ಖುಷಿ ಆಗಿದ್ರಿಂದ ಆ ಪಕ್ಕದ ಬೆಡ್ಡಿನೋರ ಆರೈಕೇಲಿ ಏನು ಕಮ್ಮಿ ಆಯ್ತು?

ಯೋಚ್ನೆ ಮಾಡಿ ಹೇಳಿದ್ರು, "ಏನೂ ಇಲ್ಲ. ಅವತ್ತು ಅವರ ಮಗಳ ಕೈ ಹಿಡ್ಕೊಂಡು ಕೂತಿದ್ದೆ. ಬೇರೆ ದಿನ ಆಗಿದ್ರೆ ಫೈಲ್ ಎತ್ಕೊಂಡು ಹೋಗ್ಬಿಡ್ತಿದ್ದೆ."

ಆ ಮಾತು ಕೇಳಿದ್ಮೇಲೆ ನಾನು ಕೊಟ್ಟ ಸಲಹೆ, ಇಂಥದ್ದು ಆದ ದಿನಾನೇ ಒಬ್ಬರ ಹತ್ರ ಹೇಳಿ, ಪೇಷಂಟ್ ಹೆಸರು, ಗುರುತು ಬಿಟ್ಟು. ಶಿಫ್ಟ್ ಹ್ಯಾಂಡ್‌ಓವರ್ ಮುಗಿದ್ಮೇಲೆ ಜೊತೆಗಿರೋ ನರ್ಸ್‌ಗೆ ಹೇಳಿದ್ರೂ ಸಾಕು. ಮನಶ್ಶಾಸ್ತ್ರಜ್ಞೆ ಶೆಲ್ಲಿ ಗೇಬಲ್ ಮತ್ತೆ ಜೊತೆಯೋರು 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಳ್ಳೇದನ್ನ ಇನ್ನೊಬ್ರಿಗೆ ಹೇಳ್ಕೊಂಡಾಗ ಆ ಘಟನೆ ಕೊಟ್ಟ ಖುಷಿ ಜೊತೆಗೆ ಇನ್ನಷ್ಟು ಖುಷಿ ಸಿಗುತ್ತೆ, ಕೇಳೋರು ಆಸಕ್ತಿಯಿಂದ ಕೇಳಿದ್ರೆ ಇನ್ನೂ ಜಾಸ್ತಿ ಅಂತ ಕಂಡ್ಕೊಂಡಿದಾರೆ. ಹಾಗಾಗಿ ಮನೇಲಿರೋರಿಗೂ ನನ್ನದೊಂದು ಮಾತಿದೆ. ಡ್ಯೂಟಿ ಮುಗಿಸಿ ಬಂದೋರು ಇಂಥದ್ದೇನಾದ್ರೂ ಹೇಳೋಕೆ ಶುರು ಮಾಡಿದ್ರೆ ಫೋನ್ ಕೆಳಗಿಟ್ಟು "ಆಮೇಲೇನಾಯ್ತು" ಅಂತ ಕೇಳಿ.

ನೀವು ಡ್ಯೂಟಿ ಅವರ್ಸ್ ಸಮಸ್ಯೆಗೆ ಬಣ್ಣ ಬಳೀತಿದೀರ ಅಂತ ಈ ಸಲಹೆಗೆ ಕೆಲವರು ಬೈದಿದ್ದಾರೆ. ಅವರ ಸಿಟ್ಟು ಸರಿನೇ ಇದೆ. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಬರ್ನ್‌ಔಟ್ ಅನ್ನೋದು ರೋಗ ಅಲ್ಲ, ಸರಿಯಾಗಿ ನಿಭಾಯಿಸದ ಕೆಲಸದ ಒತ್ತಡದಿಂದ ಬರೋದು ಅಂತ ತನ್ನ ರೋಗಗಳ ಅಂತಾರಾಷ್ಟ್ರೀಯ ವರ್ಗೀಕರಣ ಪಟ್ಟಿ ಐಸಿಡಿ-11ರಲ್ಲಿ ಹಾಕಿದೆ. ಸಾಲು ಸಾಲು ನೈಟ್ ಡ್ಯೂಟಿ ಹಾಕಿ ದಿನಕ್ಕೊಂದು ಖುಷಿ ಹುಡುಕು ಅನ್ನೋದು ಕ್ರೂರ. ಅದಕ್ಕೇ ನೈಟ್ ಡ್ಯೂಟಿ ಕಮ್ಮಿ ಮಾಡಿ ಅಂತ ಲಿಖಿತವಾಗಿ ಕೇಳೋಕೂ ಅವರಿಗೆ ಹೇಳಿದೆ. ಆದ್ರೆ ಡ್ಯೂಟಿ ಲಿಸ್ಟ್ ಸರಿಹೋಗೋ ತನಕ ಆ ತಾತನ ಮಾತನ್ನ ಅವರು ನುಂಗ್ಕೊಂಡೇ ಇರ್ಬೇಕು ಅನ್ನೋದನ್ನ ನಾನು ಒಪ್ಪಲ್ಲ.

ಆಮೇಲೆ ಅವರು ತಾತನ ವಿಷ್ಯ ಜೊತೆಗಿದ್ದ ನರ್ಸ್‌ಗೆ ಹೇಳಿದ್ರು, ಅವರೂ ತಮ್ಮದೊಂದು ಹೇಳಿದ್ರಂತೆ. ನಿದ್ದೆ ಮಾತ್ರ ಇನ್ನೂ ಸರಿಹೋಗಿಲ್ಲ, ಅದಕ್ಕೆ ಡಾಕ್ಟರ್ ಹತ್ರ ಕಳಿಸಿದೀನಿ, ಸೆಷನ್‌ಗಳು ನಡೀತಿವೆ.