ಗೌರಿ ಹೂವಿಗೆ ಟಾನಿಕ್ ಬೇಡ, ಪೊಟ್ಟಣ ಬೇಕು

ಪ್ರಶ್ನೆ: ಪ್ರತಿ ವರ್ಷ ಜೂನ್‌ನಲ್ಲಿ ಗೌರಿ ಹೂವಿನ (ಕರ್ಣಕುಂಡಲ) ಸಸಿ ಕೊಂಡು ತಂದು ಹಚ್ಚುತ್ತೇನೆ. ಗಣಪತಿ ಹಬ್ಬಕ್ಕೆ ಮೈತುಂಬ ಹೂ, ದೀಪಾವಳಿಯೊಳಗೆ ಗಿಡವೇ ಒಣಗುತ್ತದೆ. ಅಂಗಡಿಯವರು ಕೊಟ್ಟ ಟಾನಿಕ್ ಮೂರು ಸಲ ಹೊಡೆದೆ. ಮತ್ತೆ ಚಿಗುರಲು ಏನು ಮಾಡಲಿ? (ಗದಗ)

ಉತ್ತರ: ಏನೂ ಮಾಡಬೇಡಿರಿ. ಇದೇ ಪ್ರಶ್ನೆ ಈ ಹಂಗಾಮಿನಲ್ಲಿ ಎಷ್ಟನೆಯದೋ, ಲೆಕ್ಕ ಇಡುವುದನ್ನು ಬಿಟ್ಟಿದ್ದೇನೆ. ಬುಡ್ಡಿ (ಕಾಯಿ) ಬಿಡಿಸಿದ ಮೇಲೆ ಹೆಸರುಕಾಳಿನ ಗಿಡ ಮತ್ತೆ ಚಿಗುರಲಿ ಅಂತ ನಿಮ್ಮ ಸೀಮೆಯ ಯಾವ ರೈತ ಔಷಧ ಹೊಡೆಯುತ್ತಾನೆ? ಇದೂ ಒಂದೇ ಮಳೆಗಾಲದ ಗಿಡ. ಬೀಜ ಬಲಿಯಿತೆಂದರೆ ಅದರ ಕೆಲಸ ಮುಗಿಯಿತು. ಟಾನಿಕ್‌ನಿಂದ ಚಿಗುರಿದ್ದು ಅಂಗಡಿ ಮಾತ್ರ.

ನೀವು ಉಳಿಸಬೇಕಾದದ್ದು ಬೀಜ. ನವಿರು ರೋಮದ ಕಾಯಿ ಹೊಟ್ಟೆ ಉಬ್ಬಿ ಹಸಿರು ತಿಳಿಯಾಗುತ್ತಲೇ ಮುಷ್ಟಿಯೊಳಗೆ ಹಿಡಿದು ಕೀಳಿರಿ, ಅಂಗೈಯಲ್ಲೇ ಸಿಡಿಯಲಿ. ಒಂದು ದಿನ ತಡವಾದರೆ ತಾನೇ ಸಿಡಿದು ಬೀಜ ಅಂಗಳದ ತುಂಬ. ಕಂದು ಬೀಜ ಬಲಿತದ್ದು, ಬಿಳಿಯಾಗಿದ್ದರೆ ನೀವು ಅವಸರ ಮಾಡಿದಿರಿ. ನೆರಳಲ್ಲಿ ಒಣಗಿಸಿ ಕಾಗದದ ಪೊಟ್ಟಣದಲ್ಲಿಡಿ. ಪ್ಲಾಸ್ಟಿಕ್ ಚೀಲದಲ್ಲಿ ಬೂಸ್ಟು ಹಿಡಿಯುತ್ತದೆ. ಜೂನ್ ಮಳೆ ಹಿಡಿದ ಮೇಲೆ ಬಿತ್ತಿ, ಬೀಜ ಮರೆಯಾಗುವಷ್ಟೇ ಮಣ್ಣು ಉದುರಿಸಿದರೆ ಸಾಕು. ಎರಡು ವಾರದೊಳಗೆ ಮೊಳಕೆ, ಎರಡು ತಿಂಗಳ ಸುಮಾರಿಗೆ ಹೂ. ಮುದ್ದೆ ಹೂವಿನ ಬೀಜದಿಂದ ಒಂಟಿ ಪಕಳೆಯ ಹೂ ಬಂದರೆ ಮತ್ತೆ ನನಗೆ ಬರೆಯಬೇಡಿ, ಅದು ಜೇನುನೊಣಗಳು ಮಾಡಿದ ಬೆರಕೆ.

ನಿಮ್ಮದು ಎರಿ (ಕಪ್ಪು) ಮಣ್ಣಾದರೆ ಇನ್ನೊಂದು ಮಾತು. ಎರಿ ನೀರು ಬಿಡುವುದಿಲ್ಲ. ನೀರೇ ತುಂಬಿದ ಈ ದಂಟು ಬುಡದಲ್ಲಿ ಕೊಳೆಯುತ್ತದೆ. ಮಸಾರಿ (ಕೆಂಪು) ಮಣ್ಣು, ಹಳೆಯ ತಿಪ್ಪೆಗೊಬ್ಬರ ಬೆರೆಸಿ ಗೇಣೆತ್ತರ ಮಡಿ ಏರಿಸಿ. ಬಿಸಿಲೇರಿದಾಗ ಎಲೆ ಜೋತುಬೀಳುತ್ತದೆ, ಕೂಡಲೇ ಕೊಡ ಹಿಡಿದು ಓಡಬೇಡಿ. ಮಣ್ಣಿಗೆ ಬೆರಳು ಇಳಿಸಿ ನೋಡಿ. ಹಸಿ ಇದ್ದರೆ ಸಂಜೆಗೆ ಗಿಡ ತಾನೇ ಎದ್ದು ನಿಲ್ಲುತ್ತದೆ. ಧಾರವಾಡದ ಮಸಾರಿಯಿಂದ ನವಲಗುಂದದ ಎರಿಗೆ ವರ್ಗವಾಗಿ ಹೋದ ವರ್ಷ ಒಂದು ಇಡೀ ಮಡಿಯನ್ನು ಕೊಡದ ಮೇಲೆ ಕೊಡ ಸುರಿದು ಕೊಳೆಸಿದವನು ನಾನು.

ಪ್ರಶ್ನೆ: ಕುಂಡದಲ್ಲಿ ಬರುತ್ತದೆಯೇ? (ಹುಬ್ಬಳ್ಳಿ)

ಉತ್ತರ: ಬರುತ್ತದೆ. ತಳಕ್ಕೆ ತೂತು ಇರಲಿ.

ಪ್ರಶ್ನೆ: ಎಲೆ ಮೇಲೆ ಬಿಳಿ ಹಿಟ್ಟು ಚೆಲ್ಲಿದ ಹಾಗಿದೆ. (ಹಾವೇರಿ)

ಉತ್ತರ: ಬೂದಿರೋಗ. ನೀರಿನಲ್ಲಿ ಬೆರೆಯುವ ಗಂಧಕ, ಲೀಟರಿಗೆ 3 ಗ್ರಾಂ, ಬಿಸಿಲು ಇಳಿದ ಮೇಲೆ ಸಿಂಪಡಿಸಿ. ಹೂ ಮುಗಿಯುವ ಹೊತ್ತಿಗೆ ಬಂದಿದ್ದರೆ ಕಿತ್ತೊಗೆಯಿರಿ, ಗಂಧಕದ ದುಡ್ಡಾದರೂ ಉಳಿಯಲಿ.

ಪ್ರಶ್ನೆ: ಮಂಡಿನೋವಿಗೆಂದು ಒಬ್ಬರು ಗಿಡಮೂಲಿಕೆಗೆ ಹೆಸರಾದ ಕಪ್ಪತಗುಡ್ಡದ 'ಗೌರಿ ಹೂವಿನ ಗೆಡ್ಡೆ' ಕೊಟ್ಟಿದ್ದಾರೆ. ತೇಯ್ದು ಕುಡಿಯಬಹುದೇ? (ಮುಂಡರಗಿ)

ಉತ್ತರ: ಬೇಡವೇ ಬೇಡ. ಕರ್ಣಕುಂಡಲಕ್ಕೆ ಗೆಡ್ಡೆಯೇ ಇಲ್ಲ! ಅಗ್ನಿಶಿಖೆ ಎಂಬ ಬೇರೆಯೇ ಬಳ್ಳಿಯನ್ನೂ ಜನ ಗೌರಿ ಹೂ ಎನ್ನುತ್ತಾರೆ, ಅದರ ಗೆಡ್ಡೆಯಲ್ಲಿ ಜೀವ ತೆಗೆಯುವ ಕಾಲ್ಚಿಸಿನ್ ವಿಷವಿದೆ. ಗುಡ್ಡದ ಹೆಸರು ಹೇಳಿದ ಮಾತ್ರಕ್ಕೆ ಯಾರೂ ವೈದ್ಯರಾಗುವುದಿಲ್ಲ. ಈಗಾಗಲೇ ಕುಡಿದಿದ್ದರೆ ವಾಂತಿ ಶುರುವಾಗಲಿ ಎಂದು ಕಾಯಬೇಡಿ, ಆ ಗೆಡ್ಡೆಯನ್ನೂ ಕೈಯಲ್ಲಿ ಹಿಡಿದು ಆಸ್ಪತ್ರೆಗೆ ಹೋಗಿ.